ಅಡ್ವಾನ್ಸ್ ಕೊಡುವ ಮುಂಚೆ: ಮನೆ ಮಾರುವವರು ನಿಮಗೆ ತೋರಿಸಲೇಬೇಕಾದ್ದು ಏನೇನು?

ಕೆಲವು ವರ್ಷಗಳ ಹಿಂದೆ ಅಕ್ಕ, ಭಾವ ಬೆಂಗಳೂರಿನ ಹೊರವಲಯದಲ್ಲಿ ಫ್ಲ್ಯಾಟ್ ನೋಡಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಸೈಟ್ ಆಫೀಸಿನಲ್ಲಿ ಕಾಫಿ ಕೊಟ್ಟರು. ದಪ್ಪ ಹಾಳೆಯ, ಮಿರಮಿರ ಮಿಂಚುವ ಬ್ರೋಷರ್ ಕೊಟ್ಟರು. ಅದರ ನಡುವಿನ ಎರಡು ಪುಟದ ತುಂಬ ಹಸಿರು ಪಾರ್ಕು, ಜೋಕಾಲಿ ಆಡುವ ಮಗು. ಅಕ್ಕನಿಗೆ ಆ ಪಾರ್ಕಿನ ಕಡೆ ಬಾಲ್ಕನಿ ಇರುವ ಮನೆಯೇ ಬೇಕಿತ್ತು. ಅದಕ್ಕೆ ಎರಡು ಲಕ್ಷ ಜಾಸ್ತಿ ಅಂದರು. ಚೆಕ್ ಬುಕ್ ತೆಗೆಯುವ ಹೊತ್ತಿಗೆ ಭಾವ ಸುಮ್ನೆ ಒಂದು ಮಾತು ಕೇಳಿದರು: "ಮಂಜೂರಾದ ಪ್ಲಾನ್ ಒಂಚೂರು ತೋರಿಸ್ತೀರಾ?"

ಹತ್ತು ನಿಮಿಷ ಕಾದ ಮೇಲೆ ಮಡಚಿದ ನಕ್ಷೆ ಬಂತು. ಮೇಜಿನ ಮೇಲೆ ಹರಡಿ, ಮೂಲೆ ಹಾರದಂತೆ ಕಾಫಿ ಲೋಟ ಇಟ್ಟು ನೋಡಿದೆವು. ಬ್ರೋಷರಿನಲ್ಲಿ ಪಾರ್ಕ್ ಇದ್ದ ಜಾಗದಲ್ಲಿ ಇನ್ನೊಂದು ಟವರಿನ ಗೆರೆಗಳಿದ್ದವು. "ಅದು ಸೆಕೆಂಡ್ ಫೇಸ್ ಸರ್, ಬರೋಕೆ ಟೈಮ್ ಇದೆ" ಅಂದ ಆ ಹುಡುಗ. ನಾವು ಎದ್ದು ಬಂದೆವು.

ಆ ದಿನ ನಮಗೆ ಒಂದು ವಿಷಯ ಗೊತ್ತಿರಲಿಲ್ಲ. ಪ್ಲಾನ್ ತೋರಿಸಿದ್ದು ಅವರು ಮಾಡಿದ ಉಪಕಾರ ಅಂದುಕೊಂಡಿದ್ದೆವು. ಅದು ಉಪಕಾರ ಅಲ್ಲ, ಕಾನೂನು ಅವರ ಮೇಲೆ ಹೊರಿಸಿದ ಜವಾಬ್ದಾರಿ. ಮನೆ ಮಾರುವವರು ಏನನ್ನು ಹೇಳಬೇಕು, ಯಾವಾಗ ಹೇಳಬೇಕು, ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆಲ್ಲ ನಿಯಮ ಇದೆ. ಕೇಳುವುದು ನಿಮ್ಮ ಹಕ್ಕು. ಕರ್ನಾಟಕದಲ್ಲಿ ಮನೆ, ಫ್ಲ್ಯಾಟ್, ಸೈಟ್ ಕೊಳ್ಳುವವರು ಯಾವ ಕ್ರಮದಲ್ಲಿ ಇದನ್ನೆಲ್ಲ ಕೇಳಿ ಪಡೆಯಬೇಕು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ನೀವು ಕೊಳ್ಳುತ್ತಿರುವುದು ಯಾರಿಂದ?

ಬಿಲ್ಡರ್ ಅಥವಾ ಲೇಔಟ್ ಮಾಡಿದವರಿಂದ ನೇರವಾಗಿ ಕೊಳ್ಳುವುದಾದರೆ ನಿಮಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಬಲ ಇದೆ. 2016ರಲ್ಲಿ ಬಂದ ಈ ಕಾಯ್ದೆ 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಯಾಯಿತು. ಕರ್ನಾಟಕ ತನ್ನ ನಿಯಮಗಳನ್ನು ಅದೇ ವರ್ಷ ಜುಲೈನಲ್ಲಿ ಹೊರಡಿಸಿತು. ಜಮೀನು 500 ಚದರ ಮೀಟರ್ ದಾಟಿದರೆ ಮತ್ತು ಎಲ್ಲ ಹಂತ ಸೇರಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ಆ ಯೋಜನೆ ರೇರಾದಲ್ಲಿ ನೋಂದಣಿ ಆಗಲೇಬೇಕು. ಸೈಟುಗಳ ಲೇಔಟಿಗೂ ಇದು ಅನ್ವಯಿಸುತ್ತದೆ. ಲೇಔಟಿಗೆ ರೇರಾ ಬೇಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾರೋ ಒಬ್ಬರು ತಾವು ವಾಸವಿದ್ದ ಮನೆ ಮಾರುತ್ತಿದ್ದರೆ, ಅಂದರೆ ಸೆಕೆಂಡ್ ಹ್ಯಾಂಡ್ ಮನೆಯಾದರೆ, ಅಲ್ಲಿ ನಿಮ್ಮ ಕೈಹಿಡಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜಾಹೀರಾತನ್ನೇ ಒಂದು ದಾಖಲೆಯಂತೆ ಓದಿ

ನೋಂದಣಿ ಆಗುವ ಮುಂಚೆ ಬಿಲ್ಡರ್ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ, ಮಾರುತ್ತೇವೆ ಎಂದು ಕರೆಯುವಂತೆಯೂ ಇಲ್ಲ. ಕಾಯ್ದೆಯ 3ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಹಾಗಾಗಿ "ಪ್ರೀ-ಲಾಂಚ್ ಆಫರ್, ಈಗ ಕೊಟ್ಟರೆ ಚದರಡಿಗೆ ಐನೂರು ಕಡಿಮೆ" ಎಂಬ ಫೋನ್ ಬಂದರೆ ಎಚ್ಚರವಾಗಿರಿ. ರೇರಾ ನಂಬರ್ ಇಲ್ಲದ ಪ್ರೀ-ಲಾಂಚ್ ಕಾನೂನಿಗೆ ವಿರುದ್ಧ. "ಬರೀ ಆಸಕ್ತಿ ತೋರಿಸೋಕೆ ಒಂದು ಲಕ್ಷ ಕೊಡಿ, ಬುಕಿಂಗ್ ಅಲ್ಲ" ಎಂದು ಹೆಸರು ಬದಲಾಯಿಸಿ ಕೇಳಿದರೂ ಅಷ್ಟೇ.

ಜಾಹೀರಾತು ಅಂದರೆ ಪೇಪರಿನಲ್ಲಿ ಬರುವುದು ಮಾತ್ರವಲ್ಲ. ಯಾವ ಮಾಧ್ಯಮದಲ್ಲಿ, ಯಾವ ರೂಪದಲ್ಲಿ ಪ್ರಚಾರ ಮಾಡಿದರೂ ಅದು ಜಾಹೀರಾತೇ. ರಿಂಗ್ ರೋಡಿನ ಹೋರ್ಡಿಂಗ್, ಸಿಗ್ನಲ್‌ನಲ್ಲಿ ಕೈಗೆ ತುರುಕುವ ಕರಪತ್ರ, ವಾಟ್ಸಾಪ್‌ಗೆ ಬರುವ ಪಿಡಿಎಫ್, ಎಲ್ಲವೂ. ಅದರಲ್ಲಿ ಎರಡು ವಿಷಯ ಎದ್ದು ಕಾಣುವಂತೆ ಇರಬೇಕು: ಯೋಜನೆಯ ರೇರಾ ನೋಂದಣಿ ಸಂಖ್ಯೆ ಮತ್ತು ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ.

ಆ ನಂಬರನ್ನು ಒಂದೊಂದೇ ತುಂಡು ಮಾಡಿ ಓದುವುದನ್ನು ಕಲಿಯಿರಿ. ಕರ್ನಾಟಕದ್ದು ಪಿಆರ್‌ಎಂ/ಕೆಎ/ರೇರಾ ಎಂದು ಶುರುವಾಗುತ್ತದೆ. ಆಮೇಲೆ ಒಂದಷ್ಟು ಅಂಕಿಗಳು, ನಂತರ ಎರಡು ಅಕ್ಷರ. ಅಲ್ಲಿ 'ಪಿಆರ್' ಇದ್ದರೆ ಅದು ಪ್ರಾಜೆಕ್ಟಿನ ನಂಬರ್. 'ಎಜಿ' ಇದ್ದರೆ ಅದು ಏಜೆಂಟರ ನಂಬರ್. ಏಜೆಂಟರ ನಂಬರನ್ನಷ್ಟೇ ಹಾಕಿ "ರೇರಾ ಅಪ್ರೂವ್ಡ್" ಎಂದು ಬರೆದಿದ್ದರೆ ಯೋಜನೆಗೆ ನೋಂದಣಿ ಆಗಿದೆ ಎಂದು ಅರ್ಥವಲ್ಲ. 'ಎಸಿಕೆ' ಎಂದು ಶುರುವಾದರೆ ಅದು ಅರ್ಜಿ ಹಾಕಿದ್ದಕ್ಕೆ ಕೊಟ್ಟ ಸ್ವೀಕೃತಿ ಮಾತ್ರ. ಅರ್ಜಿ ಹಾಕಿದ್ದೇವೆ ಎನ್ನುವುದೂ ನೋಂದಣಿ ಆಗಿದೆ ಎನ್ನುವುದೂ ಒಂದೇ ಅಲ್ಲ, ಅಲ್ವಾ? ಈ ಮೂರರ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಕೊಟ್ಟವರನ್ನು ನಾನು ನೋಡಿದ್ದೇನೆ. ಓದು ಬರಹ ಬಲ್ಲವರೇ.

ಏಜೆಂಟರ ಮೂಲಕ ಹೋಗುತ್ತಿದ್ದರೆ ಅವರ ನೋಂದಣಿಯನ್ನೂ ಕೇಳಿ. ನೋಂದಣಿ ಇಲ್ಲದ ಯೋಜನೆಯನ್ನು ಅವರು ಮಾರಿಸುವಂತಿಲ್ಲ. ಬುಕಿಂಗ್ ಸಮಯದಲ್ಲಿ ನಿಮಗೆ ಸಿಗಬೇಕಾದ ಮಾಹಿತಿ, ದಾಖಲೆಗಳು ಸಿಗುವಂತೆ ಮಾಡುವುದೂ ಅವರದೇ ಕೆಲಸ. "ಅದೆಲ್ಲ ಬಿಲ್ಡರ್‌ನ ಕೇಳಿ" ಎಂದು ಜಾರಿಕೊಳ್ಳಲು ಬಿಡಬೇಡಿ.

ರೇರಾ ಪುಟದ ಮುಂದೆ ಒಂದು ಗಂಟೆ ಕೂತುಕೊಳ್ಳಿ

ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಅಥವಾ ನಂಬರ್ ಹಾಕಿ ಹುಡುಕಿದರೆ ಅದರ ಪುಟ ತೆರೆಯುತ್ತದೆ. ಲಾಗಿನ್ ಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ದುಬೈನಲ್ಲೋ ಡಲ್ಲಾಸ್‌ನಲ್ಲೋ ಕೂತು ಊರಲ್ಲಿ ಮನೆ ಮಾಡುವ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಕಿಟಕಿ ಇಲ್ಲ. ನಾನಂತೂ ಮಾಡೆಲ್ ಫ್ಲ್ಯಾಟ್ ನೋಡಲು ಹೋಗುವ ಮುಂಚೆಯೇ ಇದನ್ನು ನೋಡಿ ಅನ್ನುತ್ತೇನೆ. ಮಾಡೆಲ್ ಫ್ಲ್ಯಾಟಿನ ಪರದೆ, ದೀಪ, ಸೋಫಾ ನೋಡಿದ ಮೇಲೆ ಕಾಗದ ನೋಡುವ ತಾಳ್ಮೆ ಉಳಿಯುವುದಿಲ್ಲ.

ನೋಂದಣಿಗೆ ಅರ್ಜಿ ಹಾಕುವಾಗ ಬಿಲ್ಡರ್ ಒಪ್ಪಿಸಬೇಕಾದ ಪಟ್ಟಿ ಉದ್ದ ಇದೆ. ಜಮೀನಿನ ಹಕ್ಕುಪತ್ರ, ಮಂಜೂರಾದ ನಕ್ಷೆ, ಕೆಲಸ ಶುರು ಮಾಡಲು ಸಿಕ್ಕ ಅನುಮತಿ, ಎಷ್ಟು ಮನೆ, ಒಂದೊಂದರ ಕಾರ್ಪೆಟ್ ಏರಿಯಾ ಎಷ್ಟು, ಗ್ಯಾರೇಜ್ ಎಷ್ಟು, ಆರ್ಕಿಟೆಕ್ಟ್ ಯಾರು, ಸ್ಟ್ರಕ್ಚರಲ್ ಎಂಜಿನಿಯರ್ ಯಾರು, ಮಾರಾಟದ ಕರಾರಿನ ಕರಡು ಹೇಗಿದೆ, ಯಾವ ದಿನಾಂಕಕ್ಕೆ ಮುಗಿಸುತ್ತೇವೆ ಎಂಬ ಪ್ರಮಾಣಪತ್ರ. ಇಷ್ಟನ್ನೂ ಓದಬೇಕಾ? ಓದಿದರೆ ಒಳ್ಳೆಯದು. ಸಮಯ ಇಲ್ಲದಿದ್ದರೆ ನಾಲ್ಕು ಕಡೆ ಕಣ್ಣು ನಿಲ್ಲಿಸಿ.

ಮೊದಲನೆಯದು ಮುಗಿಸುವ ದಿನಾಂಕ. ಸೇಲ್ಸ್‌ನವರು ಹೇಳಿದ "ಮುಂದಿನ ದೀಪಾವಳಿಗೆ ಕೀ ಕೊಡ್ತೀವಿ" ಎಂಬ ಮಾತಿಗೂ ಇಲ್ಲಿರುವ ದಿನಾಂಕಕ್ಕೂ ಎಷ್ಟು ಅಂತರ ಇದೆ ನೋಡಿ. ಒಂದು ವರ್ಷದ ಅಂತರ ಇದ್ದರೆ, ಆ ವರ್ಷದ ಬಾಡಿಗೆಯನ್ನೂ ಸಾಲದ ಬಡ್ಡಿಯನ್ನೂ ನೀವೇ ಕಟ್ಟುತ್ತೀರಿ.

ಎರಡನೆಯದು ಜಮೀನಿನ ಮೇಲಿನ ಸಾಲ ಮತ್ತು ಕೇಸು. ಜಮೀನಿನ ಮೇಲೆ ಅಡಮಾನ, ವ್ಯಾಜ್ಯ ಏನಿದ್ದರೂ ಬಿಲ್ಡರ್ ತಿಳಿಸಿರಬೇಕು. ಬ್ಯಾಂಕ್ ಸಾಲ ಇರುವುದೇ ತಪ್ಪಲ್ಲ, ದೊಡ್ಡ ಯೋಜನೆಗಳಲ್ಲಿ ಅದು ಮಾಮೂಲು. ಆದರೆ ನಿಮ್ಮ ಫ್ಲ್ಯಾಟನ್ನು ಅಡಮಾನದಿಂದ ಬಿಡಿಸಿಕೊಡಲು ಒಪ್ಪಿಗೆ ಇದೆ ಎಂಬ ಪತ್ರವನ್ನು ಆ ಬ್ಯಾಂಕಿನಿಂದ ಕೇಳಿ ಪಡೆಯಬೇಕು.

ಮೂರನೆಯದು ಬಿಲ್ಡರ್‌ನ ಹಿಂದಿನ ಐದು ವರ್ಷದ ಕೆಲಸ. ಯಾವುದು ಮುಗಿದಿದೆ, ಯಾವುದು ತಡವಾಗಿದೆ ಎಂದು ಅವರೇ ಬರೆದು ಕೊಟ್ಟಿರಬೇಕು. ಅಲ್ಲಿ ಸಿಕ್ಕ ಒಂದು ಹಳೆಯ ಅಪಾರ್ಟ್‌ಮೆಂಟಿಗೆ ಭಾನುವಾರ ಹೋಗಿ, ಗೇಟಿನ ಹತ್ತಿರ ಸಿಕ್ಕವರನ್ನು ಮಾತಾಡಿಸಿ. ಲಿಫ್ಟ್ ಕೆಡುತ್ತದಾ, ನೀರು ಟ್ಯಾಂಕರಿನದ್ದಾ, ಓಸಿ (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ) ಬಂದಿದೆಯಾ ಎಂದು ಕೇಳಿ. ಅರ್ಧ ಗಂಟೆಯಲ್ಲಿ ಬ್ರೋಷರ್ ಹೇಳದ್ದೆಲ್ಲ ಹೊರಬರುತ್ತದೆ.

ನಾಲ್ಕನೆಯದು ಮೂರು ತಿಂಗಳಿಗೊಮ್ಮೆ ಹಾಕಬೇಕಾದ ವರದಿ. ಎಷ್ಟು ಮನೆ ಬುಕ್ ಆಗಿದೆ, ಯಾವ ಅನುಮತಿ ಬಂದಿದೆ, ಯಾವುದು ಬಾಕಿ, ಕಟ್ಟಡ ಎಲ್ಲಿಗೆ ಬಂದಿದೆ ಎಂಬುದನ್ನು ಬಿಲ್ಡರ್ ಹೊಸದು ಮಾಡುತ್ತಲೇ ಇರಬೇಕು. ಕಳೆದ ಒಂದು ವರ್ಷದಿಂದ ಏನೂ ಹಾಕಿಲ್ಲ ಅಂದರೆ ಆ ಯೋಜನೆಯಿಂದ ದೂರ ಇರುವುದು ವಾಸಿ.

ಕಾರ್ಪೆಟ್ ಏರಿಯಾ: ಟೇಪ್ ಹಿಡಿದು ಅಳೆಯಿರಿ

ಜಾಸ್ತಿ ಜನ ಎಡವುವುದು ಇಲ್ಲಿಯೇ. ಫ್ಲ್ಯಾಟ್ 1,200 ಚದರಡಿ, ಬೆಲೆ 72 ಲಕ್ಷ ಅಂದರು ಅನ್ನಿ. ಚದರಡಿಗೆ 6,000 ಆಯಿತು, ಸುತ್ತಮುತ್ತಲಿಗಿಂತ ಕಡಿಮೆಯೇ ಅನಿಸುತ್ತದೆ. ಆದರೆ ಆ 1,200 ಸೂಪರ್ ಬಿಲ್ಟ್-ಅಪ್. ಲಾಬಿ, ಮೆಟ್ಟಿಲು, ಲಿಫ್ಟ್ ಜಾಗ, ಕ್ಲಬ್ ಹೌಸಿನಲ್ಲಿ ನಿಮ್ಮ ಪಾಲು, ಎಲ್ಲ ಅದರಲ್ಲಿ ಸೇರಿರುತ್ತದೆ. ಮನೆಯೊಳಗೆ ನೀವು ಕಾಲಿಡುವ ಜಾಗ 800 ಇದ್ದರೆ ನೀವು ನಿಜವಾಗಿ ಕೊಡುತ್ತಿರುವುದು ಚದರಡಿಗೆ 9,000.

ರೇರಾ ಪ್ರಕಾರ ಬಿಲ್ಡರ್ ಹೇಳಬೇಕಾದ್ದು ಕಾರ್ಪೆಟ್ ಏರಿಯಾ. ಅದರ ಅರ್ಥವನ್ನೂ ಕಾಯ್ದೆಯೇ ಬಿಡಿಸಿ ಹೇಳಿದೆ. ಮನೆಯೊಳಗೆ ಬಳಸಬಹುದಾದ ನೆಲ, ಅದರ ಜೊತೆಗೆ ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ. ಹೊರಗೋಡೆ, ಪೈಪು ಹಾಯುವ ಶಾಫ್ಟ್, ನಿಮ್ಮ ಸ್ವಂತ ಬಾಲ್ಕನಿ, ಸ್ವಂತ ತೆರೆದ ಟೆರೇಸ್ ಸೇರುವುದಿಲ್ಲ.

ಹೋಗುವಾಗ ಬ್ಯಾಗಿನಲ್ಲಿ ಒಂದು ಟೇಪ್ ಇಟ್ಟುಕೊಳ್ಳಿ. ಹಾಲ್, ಅಡುಗೆಮನೆ, ರೂಮು, ಬಚ್ಚಲು, ಒಂದೊಂದನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಮಾಡೆಲ್ ಫ್ಲ್ಯಾಟಿನಲ್ಲಿ ಇನ್ನೊಂದು ವಿಷಯ ಗಮನಿಸಿ: ಕೆಲವು ಕಡೆ ರೂಮಿನ ಬಾಗಿಲೇ ಇಟ್ಟಿರುವುದಿಲ್ಲ, ಮಂಚ ಐದೂವರೆ ಅಡಿಯದು ಇರುತ್ತದೆ. ಜಾಗ ದೊಡ್ಡದಾಗಿ ಕಾಣಲಿ ಎಂದು ಹೀಗೆ ಮಾಡುತ್ತಾರೆ. ಹೀಗಾಗಿ ಕಣ್ಣಿಗಿಂತ ಟೇಪನ್ನು ನಂಬಿ.

ಬುಕಿಂಗ್ ದಿನ ಕೈಗೆ ಬರಬೇಕಾದ್ದು

ಬುಕ್ ಮಾಡುವ ಹೊತ್ತಿಗೆ ಮಂಜೂರಾದ ನಕ್ಷೆ, ಲೇಔಟ್ ನಕ್ಷೆ, ಏನೇನು ಸಾಮಗ್ರಿ ಬಳಸುತ್ತಾರೆ ಎಂಬ ವಿವರ ನಿಮಗೆ ಸಿಗಬೇಕು. ಸೈಟಿನಲ್ಲಿ ಅವುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿರಲೂಬೇಕು. ಕೆಲಸ ಯಾವ ಹಂತ ಯಾವಾಗ ಮುಗಿಯುತ್ತದೆ, ನೀರು, ಒಳಚರಂಡಿ, ಕರೆಂಟು ಯಾವಾಗ ಬರುತ್ತದೆ ಎಂಬ ವೇಳಾಪಟ್ಟಿಯೂ ಕೊಡಬೇಕು. ಬ್ರೋಷರಿನ ಚಿತ್ರವನ್ನೂ ಮಂಜೂರಾದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾರ್ಕ್, ಈಜುಕೊಳ, ರಸ್ತೆ ಎರಡರಲ್ಲೂ ಒಂದೇ ಕಡೆ ಇವೆಯಾ? ನಮ್ಮ ಅಕ್ಕನ ಎರಡು ಲಕ್ಷ ಉಳಿದದ್ದು ಇದರಿಂದಲೇ.

ದುಡ್ಡಿನ ವಿಷಯಕ್ಕೆ ಒಂದು ಗಟ್ಟಿ ಗೆರೆ ಇದೆ. ಬರವಣಿಗೆಯ ಮಾರಾಟ ಕರಾರು ಮಾಡಿ ಅದನ್ನು ನೋಂದಾಯಿಸುವ ಮುಂಚೆ ಮನೆಯ ಬೆಲೆಯ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. 72 ಲಕ್ಷದ ಮನೆಗೆ 7 ಲಕ್ಷದ 20 ಸಾವಿರ. "ಎಲ್ಲರೂ ಇಪ್ಪತ್ತು ಪರ್ಸೆಂಟ್ ಕೊಡ್ತಾರೆ ಮೇಡಂ" ಅಂದರೆ ಕಾನೂನು ಹತ್ತು ಅನ್ನುತ್ತದೆ ಎಂದು ನಿಧಾನವಾಗಿ ಹೇಳಿ. ಕೊಳ್ಳುವವರಿಂದ ಬಂದ ದುಡ್ಡಿನಲ್ಲಿ ಶೇ 70 ಆ ಯೋಜನೆಗೇ ಮೀಸಲಾದ ಪ್ರತ್ಯೇಕ ಖಾತೆಯಲ್ಲಿ ಇರಬೇಕು, ಜಮೀನು ಮತ್ತು ಕಟ್ಟಡದ ಖರ್ಚಿಗೇ ಹೋಗಬೇಕು. ಆದ್ದರಿಂದ ಚೆಕ್ ಯಾವ ಖಾತೆಯ ಹೆಸರಿಗೆ ಬರೆಯಬೇಕು ಎಂಬುದನ್ನು ಕರಾರಿನೊಂದಿಗೆ ಹೋಲಿಸಿ ನೋಡಿ. ಬೇರೆ ಯಾವುದೋ ಕಂಪನಿಯ ಹೆಸರು ಹೇಳಿದರೆ ಅಲ್ಲೇ ನಿಲ್ಲಿಸಿ.

ಹಳೆಯ ಮನೆ ಕೊಳ್ಳುವವರಿಗೆ

ಇಲ್ಲಿ ವೆಬ್‌ಸೈಟಿನಲ್ಲಿ ಸಿದ್ಧ ಪುಟ ಇರುವುದಿಲ್ಲ. ಆದರೆ ಮಾರುವವರು ಬಾಯಿ ಮುಚ್ಚಿಕೊಂಡಿರಬಹುದು ಎಂದಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾರುವವರಿಗೆ ಮೂರು ಮಾತು ಹೇಳುತ್ತದೆ. ಮನೆಯಲ್ಲೋ ಹಕ್ಕಿನಲ್ಲೋ ನಿಮಗೆ ಸಾಮಾನ್ಯವಾಗಿ ಕಣ್ಣಿಗೆ ಬೀಳದ, ಆದರೆ ಅವರಿಗೆ ಗೊತ್ತಿರುವ ದೊಡ್ಡ ದೋಷ ಇದ್ದರೆ ಅವರೇ ತಿಳಿಸಬೇಕು. ಹಕ್ಕುಪತ್ರಗಳನ್ನು ನೀವು ಕೇಳಿದಾಗ ತೋರಿಸಬೇಕು. ಸ್ವತ್ತಿನ ಬಗ್ಗೆ ನೀವು ಕೇಳಿದ ಸಂಬಂಧಪಟ್ಟ ಪ್ರಶ್ನೆಗೆ ಗೊತ್ತಿದ್ದಷ್ಟು ಸರಿಯಾಗಿ ಉತ್ತರ ಕೊಡಬೇಕು. ದೋಷ ಮುಚ್ಚಿಟ್ಟರೆ ಅದನ್ನು ಮೋಸ ಎಂದೇ ಕಾಯ್ದೆ ಕರೆಯುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಮಾರಾಟದ ದಿನದವರೆಗಿನ ಕಂದಾಯದಂಥ ಬಾಕಿಯೂ ಅವರದೇ ಹೊಣೆ.

"ಕೇಳಿದಾಗ" ಎಂಬ ಪದವನ್ನು ಗಮನಿಸಿ. ಕೇಳದಿದ್ದರೆ ಎರಡನೆಯದೂ ಮೂರನೆಯದೂ ಹುಟ್ಟುವುದೇ ಇಲ್ಲ. ಹಾಗಾಗಿ ಬಾಯಲ್ಲಿ ಕೇಳುವ ಬದಲು ವಾಟ್ಸಾಪ್ ಅಥವಾ ಇಮೇಲ್‌ನಲ್ಲಿ ಕೇಳಿ. ನಾನು ಕಳಿಸುವ ಸಂದೇಶ ಹೀಗಿರುತ್ತದೆ, ನೀವೂ ಬಳಸಬಹುದು:

"ನಮಸ್ಕಾರ ಸರ್. ನಿಮ್ಮ ಮನೆ ನಮಗೆ ಇಷ್ಟವಾಗಿದೆ. ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ತಿಳಿಸಿ. ಮನೆಯ ಮೇಲೆ ಸಾಲ ಇದೆಯೇ, ಮೂಲ ಪತ್ರಗಳು ಈಗ ಯಾರ ಹತ್ತಿರ ಇವೆ? ಯಾವುದಾದರೂ ಕೇಸು ನಡೆಯುತ್ತಿದೆಯೇ? ಬೇರೆ ಯಾರ ಜೊತೆಗಾದರೂ ಅಗ್ರಿಮೆಂಟ್ ಆಗಿದೆಯೇ? ಮನೆಯಲ್ಲಿ ಪಾಲುದಾರರು ಯಾರ್ಯಾರು? ಪ್ಲಾನ್ ಮತ್ತು ಓಸಿ ಇದೆಯೇ? ಕಂದಾಯ, ನೀರು, ಕರೆಂಟು, ಅಸೋಸಿಯೇಷನ್ ಬಾಕಿ ಎಷ್ಟು? ಸೋರಿಕೆ, ಬಿರುಕು, ಬೋರ್‌ವೆಲ್ ತೊಂದರೆ ಏನಾದರೂ ಇದೆಯೇ?"

ಉತ್ತರ ಬಂದ ಮೇಲೆ ಕಾಗದ ಪರೀಕ್ಷೆ. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಇಸಿ, ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ, ತೆಗೆಸಿ. ವ್ಯವಹಾರ ನಡೆದಿದ್ದರೆ ಫಾರಂ 15ರಲ್ಲಿ, ಏನೂ ನಡೆದಿಲ್ಲದಿದ್ದರೆ ಫಾರಂ 16ರಲ್ಲಿ ಬರುತ್ತದೆ. ತುಂಬ ಹಳೆಯ ವರ್ಷಗಳದ್ದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕಾಗಬಹುದು. ಇಸಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ನೆನಪಿರಲಿ. ನೋಂದಣಿ ಆಗದ ಅಗ್ರಿಮೆಂಟು, ಪತ್ರ ಕೊಟ್ಟು ತಂದ ಕೈಸಾಲ, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಮೂಲ ಪತ್ರಗಳನ್ನೇ ಕಣ್ಣಾರೆ ನೋಡಬೇಕು, ಜೆರಾಕ್ಸ್ ಸಾಲದು.

ಇ-ಖಾತಾ, ಅಂದರೆ ಸ್ವತ್ತಿನ ಡಿಜಿಟಲ್ ಕಂದಾಯ ದಾಖಲೆ, ಇದೆಯೇ ಕೇಳಿ. 2024ರ ಕೊನೆಯಿಂದ ಬೆಂಗಳೂರಿನಲ್ಲಿ ಅದಿಲ್ಲದೆ ನೋಂದಣಿ ನಡೆಯುವುದಿಲ್ಲ. ಅದರಲ್ಲಿರುವ ಹೆಸರು, ಅಳತೆ, ಚಕ್ಕುಬಂದಿ ಕ್ರಯಪತ್ರದ ಜೊತೆ ತಾಳೆ ಆಗಬೇಕು. ಎ ಖಾತಾನಾ ಬಿ ಖಾತಾನಾ ನೋಡಿ; ಬಿ ಖಾತಾಕ್ಕೆ (ನಿಯಮಗಳನ್ನು ಪೂರ್ತಿ ಪಾಲಿಸದ ಸ್ವತ್ತಿನದು) ಸಾಲ ಕೊಡಲು ಎಷ್ಟೋ ಬ್ಯಾಂಕ್ ಹಿಂಜರಿಯುತ್ತವೆ. ಖಾತಾ ಇದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ, ಅದು ಕಂದಾಯದ ದಾಖಲೆ.

ಓಸಿ ಇಲ್ಲ ಅಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಓಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ತೋರಿಸಿದ ಮೇಲೆಯೇ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾದ ಮೇಲೆ ಓಸಿ ಇಲ್ಲದ ಹೊಸ ಕಟ್ಟಡದವರು ಮೀಟರಿಗಾಗಿ ಅಲೆದದ್ದನ್ನು ಬೆಂಗಳೂರು ನೋಡಿದೆ.

ಇನ್ನೆರಡು ಪ್ರಶ್ನೆ ನಮ್ಮ ರಾಜ್ಯದವರು ಕೇಳಲೇಬೇಕು. ಈ ಜಾಗ ಮೊದಲು ಕೃಷಿ ಜಮೀನಾಗಿದ್ದರೆ ಕನ್ವರ್ಷನ್ ಆದೇಶ ಎಲ್ಲಿದೆ? ಎಂದಾದರೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ? ಹಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ನಿಲ್ಲುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಹಿಡಿದು ಹೆಣ್ಣುಮಕ್ಕಳ ಸಹಿ ಇದೆಯಾ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. "ಅಕ್ಕಂಗೆ ಮದುವೇಲೇ ಎಲ್ಲ ಕೊಟ್ಟಾಗಿದೆ" ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಇಷ್ಟು ಕಾಗದ ನೋಡಲು ಒಬ್ಬ ವಕೀಲರಿಗೆ ಫೀಸ್ ಕೊಡಿ. ಬಿಲ್ಡರೋ ಏಜೆಂಟರೋ ಪರಿಚಯಿಸಿದ ವಕೀಲರು ಬೇಡ, ನಿಮ್ಮವರೇ ಇರಲಿ.

ಹೇಳಿದ್ದು ಒಂದು, ಕೊಟ್ಟದ್ದು ಒಂದು ಆದರೆ

ಜಾಹೀರಾತು, ಬ್ರೋಷರ್ ಅಥವಾ ಮಾಡೆಲ್ ಫ್ಲ್ಯಾಟ್ ನಂಬಿ ದುಡ್ಡು ಕೊಟ್ಟು, ಅದರಲ್ಲಿದ್ದದ್ದು ಸುಳ್ಳಾಗಿ ನಷ್ಟವಾದರೆ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಮನೆಯೇ ಬೇಡ ಅನಿಸಿದರೆ ಕೊಟ್ಟಷ್ಟೂ ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳಬಹುದು. ಕರ್ನಾಟಕದಲ್ಲಿ ಆ ಬಡ್ಡಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲಕ್ಕೆ ಬ್ಯಾಂಕ್ ಆಧಾರವಾಗಿ ಇಟ್ಟುಕೊಳ್ಳುವ ಮೂಲ ಬಡ್ಡಿ) ದರಕ್ಕೆ ಶೇ 2 ಸೇರಿಸಿದಷ್ಟು. ನೋಂದಣಿ ಮಾಡದೆ ಮಾರಿದ ಬಿಲ್ಡರ್‌ಗೆ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ, ಸುಳ್ಳು ಮಾಹಿತಿ ಕೊಟ್ಟರೆ ಶೇ 5ರವರೆಗೆ ದಂಡ ಬೀಳಬಹುದು.

ದೂರನ್ನು ಕರ್ನಾಟಕ ರೇರಾ ತಾಣದಲ್ಲೇ ಸಲ್ಲಿಸಬಹುದು. ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ. ರೇರಾ ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಆದರೆ ಆದೇಶ ಕೈಗೆ ಬರುವುದೇ ಬೇರೆ, ದುಡ್ಡು ಕೈಗೆ ಬರುವುದೇ ಬೇರೆ. ಬಿಲ್ಡರ್ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ಕಂದಾಯ ಇಲಾಖೆ ವಸೂಲಿ ಮಾಡಬೇಕು, ಅದಕ್ಕಾಗಿ ವರ್ಷಗಟ್ಟಲೆ ಓಡಾಡುತ್ತಿರುವವರು ಎಷ್ಟೋ ಜನ ಇದ್ದಾರೆ. ಅವರ ಸಂಕಟ ನೋಡಿಯೇ ಅಡ್ವಾನ್ಸಿಗೆ ಮುಂಚಿನ ಹೆಜ್ಜೆಗಳನ್ನು ಇಷ್ಟು ಉದ್ದಕ್ಕೆ ಬರೆದದ್ದು.

ದೂರು ಕೊಡಬೇಕಾದರೆ ಸಾಕ್ಷಿ ಬೇಕು. ಬ್ರೋಷರ್, ಪೇಪರಿನ ತುಂಡು, ಹೋರ್ಡಿಂಗಿನ ಫೋಟೋ, ವಾಟ್ಸಾಪ್ ಮಾತು, ಮಾಡೆಲ್ ಫ್ಲ್ಯಾಟಿನ ವಿಡಿಯೋ, ರೇರಾ ಪುಟದ ಅವತ್ತಿನ ಪ್ರಿಂಟ್, ಎಲ್ಲಕ್ಕೂ ದಿನಾಂಕ ಬರೆದು ಒಂದು ಫೈಲಿಗೆ ಹಾಕಿ. ಮನೆಗೆ ಬಂದ ಮೇಲೂ ಎಸೆಯಬೇಡಿ. ಸ್ವಾಧೀನ ಸಿಕ್ಕ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ 30 ದಿನದೊಳಗೆ ದುಡ್ಡು ಕೇಳದೆ ಸರಿಪಡಿಸಬೇಕು. ಜಮೀನಿನ ಹಕ್ಕಿನಲ್ಲೇ ದೋಷ ಹೊರಬಂದರೆ ಪರಿಹಾರ ಕೇಳಲು ಕಾಲಮಿತಿಯೇ ಇಲ್ಲ.

ಅಕ್ಕ, ಭಾವ ಆಮೇಲೆ ಇನ್ನೊಂದು ಕಡೆ ಫ್ಲ್ಯಾಟ್ ತೆಗೆದುಕೊಂಡರು. ಅದರ ಬ್ರೋಷರು, ಅಳತೆ ಬರೆದ ಚೀಟಿ ಎರಡೂ ಇವತ್ತಿಗೂ ಬೀರುವಿನಲ್ಲಿ, ಕ್ರಯಪತ್ರದ ಕೆಳಗೆ ಇವೆ.